ಇನ್ನು ಮಕ್ಕಳು ಬೇಡವೆಂದು ತೀರ್ಮಾನಿಸಿದ ಮೇಲೆ: ಸಂತಾನಹರಣ ಶಸ್ತ್ರಚಿಕಿತ್ಸೆ ಕುರಿತು ಓದುಗರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಶಾಶ್ವತ ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆಯ ಸುತ್ತಲೇ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ. ಇಲ್ಲಿನ ಉತ್ತರಗಳು ತಿಳಿವಳಿಕೆಗಾಗಿ ಇವೆಯೇ ಹೊರತು ನಿಮ್ಮನ್ನು ಖುದ್ದಾಗಿ ಪರೀಕ್ಷಿಸುವ ವೈದ್ಯರ ಸಲಹೆಗೆ ಬದಲಿಯಲ್ಲ.

ಪ್ರಶ್ನೆ: ನನಗೆ 34 ವರ್ಷ. ಎರಡನೆಯ ಮಗುವಿನ ಹೆರಿಗೆ ಸಿಸೇರಿಯನ್ ಮೂಲಕ ಆಗಲಿದೆ. ಅದೇ ಹೊತ್ತಿನಲ್ಲಿ ಮಕ್ಕಳಾಗದ ಆಪರೇಷನ್ನನ್ನೂ ಮಾಡಿಸಿಕೊಳ್ಳುವಿರಾ ಎಂದು ವೈದ್ಯರು ಕೇಳಿದ್ದಾರೆ. ಆಪರೇಷನ್ ಆದವರಿಗೆ ಮುಟ್ಟು ಏರುಪೇರಾಗುತ್ತದೆ, ಮೈ ಬರುತ್ತದೆ, ಮುಟ್ಟು ಬೇಗ ನಿಂತುಹೋಗುತ್ತದೆ ಎಂದೆಲ್ಲ ಕೇಳಿ ಹೆದರಿಕೆಯಾಗಿದೆ. ಅದರಲ್ಲಿ ನಿಜವಾಗಿ ಮಾಡುವುದೇನು?

ಉತ್ತರ: ಗರ್ಭಕೋಶವನ್ನಾಗಲಿ ಅಂಡಾಶಯಗಳನ್ನಾಗಲಿ ಈ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುವುದಿಲ್ಲ, ಕತ್ತರಿಸುವುದೂ ಇಲ್ಲ ಎಂಬುದನ್ನು ಮೊದಲು ತಿಳಿದುಕೊಂಡರೆ ನಿಮ್ಮ ಹೆದರಿಕೆ ಅರ್ಧದಷ್ಟು ಕಳೆಯುತ್ತದೆ. ಗರ್ಭಕೋಶದ ಎರಡೂ ಬದಿಗಳಿಂದ ಅಂಡಾಶಯಗಳ ಕಡೆಗೆ ಚಾಚಿಕೊಂಡಿರುವ, ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದದ ಎರಡು ಅಂಡನಾಳಗಳಿವೆ; ತಿಂಗಳಿಗೊಮ್ಮೆ ಬಿಡುಗಡೆಯಾಗುವ ಅಂಡಾಣುವೂ ವೀರ್ಯಾಣುವೂ ಸೇರುವುದು ಈ ನಾಳದೊಳಗೆ. ಆ ದಾರಿಯನ್ನು ಎರಡೂ ಕಡೆ ಮುಚ್ಚುವುದಷ್ಟೇ ಶಸ್ತ್ರಚಿಕಿತ್ಸೆಯ ಕೆಲಸ. ಸಿಸೇರಿಯನ್ ಸಮಯದಲ್ಲಿ ಹೊಟ್ಟೆ ಹೇಗೂ ತೆರೆದಿರುವುದರಿಂದ ಬಹಳ ಕಡೆ ಬಳಕೆಯಲ್ಲಿರುವ ಪಾಮರಾಯ್ ವಿಧಾನದಂತೆ ನಾಳದ ನಡುಭಾಗವನ್ನು ಕುಣಿಕೆಯಾಗಿ ಮೇಲೆತ್ತಿ, ಅದರ ಬುಡವನ್ನು ಕರಗುವ ದಾರದಿಂದ ಕಟ್ಟಿ, ಮೇಲಿನ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ದಾರ ಕರಗಿದ ಮೇಲೆ ಕತ್ತರಿಸಿದ ಎರಡು ತುದಿಗಳು ಮಾಯುತ್ತಾ ಒಂದರಿಂದ ಒಂದು ದೂರ ಸರಿಯುತ್ತವೆ. ಬೇಗ ಕರಗುವ ದಾರವನ್ನೇ ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಸಿಸೇರಿಯನ್ ಅವಧಿಗೆ ಇದರಿಂದ ಸೇರುವುದು ಕೆಲವೇ ನಿಮಿಷಗಳು, ಹೊಸ ಗಾಯವೂ ಇಲ್ಲ.

ಸಹಜ ಹೆರಿಗೆಯಾದವರ ವಿಷಯದಲ್ಲಿ ಕಾಲದ ಲೆಕ್ಕ ಸ್ವಲ್ಪ ಬೇರೆ. ಹೆರಿಗೆಯಾದ 7 ದಿನಗಳೊಳಗೆ ಗರ್ಭಕೋಶ ಇನ್ನೂ ಮೇಲೆಯೇ ಇರುವುದರಿಂದ ಹೊಕ್ಕುಳಿನ ಕೆಳಗೆ ಒಂದು ಚಿಕ್ಕ ಗಾಯ ಮಾಡಿದರೆ ನಾಳಗಳು ಕೈಗೆ ಸಿಗುತ್ತವೆ. ಆ ಅವಧಿ ದಾಟಿದರೆ 6 ವಾರಗಳವರೆಗೆ ಕಾಯುವಂತೆ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ಅಷ್ಟರಲ್ಲಿ ಗರ್ಭಕೋಶ ತನ್ನ ಮೊದಲಿನ ಗಾತ್ರಕ್ಕೆ ಮರಳಿರುತ್ತದೆ. ಆಗ ಕಿಬ್ಬೊಟ್ಟೆಯಲ್ಲಿ ಸಣ್ಣ ಗಾಯದ ಮೂಲಕವಾಗಲಿ, ಲ್ಯಾಪ್ರೊಸ್ಕೋಪ್ ಎಂಬ ದೂರದರ್ಶಕದಂಥ ಕೊಳವೆಯನ್ನು ಒಳಗೆ ಇಳಿಸಿಯಾಗಲಿ ನಾಳಕ್ಕೆ ಸಿಲಿಕೋನ್ ಉಂಗುರ ಅಥವಾ ಕ್ಲಿಪ್ ಹಾಕಬಹುದು, ಇಲ್ಲವೇ ವಿದ್ಯುತ್ ಶಾಖದಿಂದ ಮುಚ್ಚಬಹುದು.

ಮುಟ್ಟಿನ ಮಾತಿಗೆ ಬರೋಣ. ಮುಟ್ಟನ್ನು ನಡೆಸುವ ಹಾರ್ಮೋನುಗಳು ಅಂಡಾಶಯದಿಂದ ನೇರವಾಗಿ ರಕ್ತಕ್ಕೆ ಸೇರುತ್ತವೆ. ಅಂಡನಾಳದ ಹಾದಿ ಅವುಗಳಿಗೆ ಬೇಕಿಲ್ಲ. ಆದ್ದರಿಂದ ನಾಳ ಮುಚ್ಚಿದ ಮೇಲೂ ಅಂಡಾಶಯಗಳು ಎಂದಿನಂತೆ ಕೆಲಸ ಮಾಡುತ್ತವೆ, ತಿಂಗಳು ತಿಂಗಳು ಅಂಡಾಣು ಬಿಡುಗಡೆಯಾಗುತ್ತದೆ, ಆದರೆ ಮುಂದಕ್ಕೆ ಹೋಗಲು ದಾರಿಯಿಲ್ಲದೆ ದೇಹದಲ್ಲಿಯೇ ಕರಗಿಹೋಗುತ್ತದೆ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು 5 ವರ್ಷಗಳವರೆಗೆ ಗಮನಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಪತಿ ವ್ಯಾಸೆಕ್ಟಮಿ (ಗಂಡಸಿನ ವೀರ್ಯನಾಳ ಮುಚ್ಚುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡ ಮಹಿಳೆಯರೊಂದಿಗೆ ಹೋಲಿಸಿತು. ಮುಟ್ಟಿನ ಸ್ರಾವವಾಗಲಿ ನೋವಾಗಲಿ ಶಸ್ತ್ರಚಿಕಿತ್ಸೆಯಿಂದ ಹೆಚ್ಚಾದುದು ಅದರಲ್ಲಿ ಕಂಡುಬರಲಿಲ್ಲ. ಹಾಗಾದರೆ ಇಷ್ಟೊಂದು ಮಂದಿ ಏರುಪೇರಿನ ಮಾತಾಡುವುದೇಕೆ? ಒಂದು ಕಾರಣ ಸರಳವಾಗಿದೆ. ವರ್ಷಗಟ್ಟಲೆ ಗರ್ಭನಿರೋಧಕ ಗುಳಿಗೆ ನುಂಗಿದವರಿಗೆ ಮುಟ್ಟು ಹಗುರವಾಗಿ, ನಿಗದಿತ ದಿನಕ್ಕೆ ಬರುತ್ತಿರುತ್ತದೆ. ಆಪರೇಷನ್ ಆಯಿತೆಂದು ಗುಳಿಗೆ ನಿಲ್ಲಿಸಿದೊಡನೆ ತಮ್ಮದೇ ಹಳೆಯ ಸಹಜ ಮುಟ್ಟು ಮರಳುತ್ತದೆ, ದೂರು ಮಾತ್ರ ಆಪರೇಷನ್ನಿನ ಮೇಲೆ ಬೀಳುತ್ತದೆ. ಮೈ ಬರುವುದಕ್ಕೂ ಮುಟ್ಟು ಬೇಗ ನಿಲ್ಲುವುದಕ್ಕೂ ನಾಳ ಕಟ್ಟಿಸಿಕೊಂಡದ್ದು ಕಾರಣವಲ್ಲ.

ನಿಮ್ಮ ಪತ್ರದಲ್ಲಿ ಕೇಳದೆ ಇದ್ದ ಒಂದು ಮಾತನ್ನು ಸೇರಿಸುತ್ತೇನೆ. ಈ ನಿರ್ಧಾರವನ್ನು ಹೆರಿಗೆನೋವಿನ ನಡುವೆಯೋ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೋ ತೆಗೆದುಕೊಳ್ಳಬಾರದು. ಗರ್ಭಿಣಿಯಾಗಿರುವಾಗಲೇ ಬಿಡುವಾಗಿ ಯೋಚಿಸಿ, ವೈದ್ಯರೊಂದಿಗೆ ಮಾತಾಡಿ ಮುಗಿಸಿರಬೇಕು. ಹುಟ್ಟಿದ ಮಗುವಿನ ಆರೋಗ್ಯದ ಬಗ್ಗೆ ಆ ಕ್ಷಣದಲ್ಲಿ ಏನಾದರೂ ಆತಂಕ ಎದುರಾದರೆ ‘ಈಗ ಬೇಡ, ಆಮೇಲೆ ನೋಡೋಣ’ ಎನ್ನುವ ಸ್ವಾತಂತ್ರ್ಯ ನಿಮಗಿದೆ. ಆರು ವಾರ ಕಳೆದ ಮೇಲೆಯೂ ಮಾಡಿಸಿಕೊಳ್ಳಬಹುದು.

ಪ್ರಶ್ನೆ: ನನಗೆ 38 ವರ್ಷ, ಮೂವರು ಮಕ್ಕಳು. ಹೆರಿಗೆಯ ಕಷ್ಟವನ್ನೆಲ್ಲ ತಾನು ಪಟ್ಟಾಯಿತು, ಆಪರೇಷನ್ ನೀವೇ ಮಾಡಿಸಿಕೊಳ್ಳಿ ಎಂದು ಹೆಂಡತಿ ಹೇಳುತ್ತಾಳೆ. ವ್ಯಾಸೆಕ್ಟಮಿಯಿಂದ ಗಂಡಸ್ತನ ಕುಗ್ಗುತ್ತದೆ, ಭಾರದ ಕೆಲಸ ಮಾಡಲಾಗುವುದಿಲ್ಲ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಯಾರು ಮಾಡಿಸಿಕೊಳ್ಳುವುದು ಒಳ್ಳೆಯದು?

ಉತ್ತರ: ವೈದ್ಯಕೀಯ ದೃಷ್ಟಿಯಿಂದ ಮಾತ್ರ ನೋಡಿದರೆ ನಿಮ್ಮ ಪತ್ನಿಯ ಮಾತಿನಲ್ಲಿ ಸತ್ಯವಿದೆ. ಹೆಣ್ಣಿನ ಅಂಡನಾಳ ಇರುವುದು ಹೊಟ್ಟೆಯ ಒಳಗೆ. ಅಲ್ಲಿಗೆ ತಲುಪಬೇಕಾದರೆ ಹೊಟ್ಟೆಯ ಪದರಗಳನ್ನು ದಾಟಲೇಬೇಕು, ಕರುಳು, ಮೂತ್ರಕೋಶ, ರಕ್ತನಾಳಗಳಿಗೆ ಪೆಟ್ಟಾಗುವ ಸಾಧ್ಯತೆ ಅಪರೂಪವಾದರೂ ಇದ್ದೇ ಇರುತ್ತದೆ, ಅನೇಕ ವೇಳೆ ಪೂರ್ಣ ಅರಿವಳಿಕೆಯೂ ಬೇಕಾಗುತ್ತದೆ. ಗಂಡಸಿನ ವೀರ್ಯನಾಳವಾದರೋ ವೃಷಣಚೀಲದ ತೆಳುವಾದ ಚರ್ಮದ ಕೆಳಗೆ, ಬೆರಳಿಗೆ ಸಿಗುವಷ್ಟು ಹತ್ತಿರದಲ್ಲಿದೆ. ಆ ಜಾಗವನ್ನಷ್ಟೇ ಚುಚ್ಚುಮದ್ದಿನಿಂದ ಜೋಮುಗಟ್ಟಿಸಿ, ಸುಮಾರು ಅರ್ಧ ಗಂಟೆಯೊಳಗೆ ಕೆಲಸ ಮುಗಿಸಬಹುದು. ಚೀನಾದ ಸಿಚುವಾನ್ ಪ್ರಾಂತ್ಯದ ಶಸ್ತ್ರವೈದ್ಯ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ, ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿಧಾನದಲ್ಲಿ ಚಾಕುವನ್ನೇ ಬಳಸುವುದಿಲ್ಲ. ಚೂಪಾದ ತುದಿಯ ಚಿಮಟದಿಂದ ಚರ್ಮದಲ್ಲಿ ಒಂದು ಚಿಕ್ಕ ರಂಧ್ರ ಮಾಡಿ, ಅದನ್ನೇ ಹಿಗ್ಗಿಸಿ, ಒಂದೊಂದಾಗಿ ಎರಡೂ ನಾಳಗಳನ್ನು ಹೊರತೆಗೆದು ಕತ್ತರಿಸಿ ಮುಚ್ಚುತ್ತಾರೆ. ರಂಧ್ರ ಎಷ್ಟು ಚಿಕ್ಕದೆಂದರೆ ಸಾಮಾನ್ಯವಾಗಿ ಹೊಲಿಗೆಯೇ ಬೇಕಾಗುವುದಿಲ್ಲ. ಹಳೆಯ ಕ್ರಮಕ್ಕೆ ಹೋಲಿಸಿದರೆ ರಕ್ತಸ್ರಾವವೂ ಸೋಂಕೂ ಕಡಿಮೆ.

ಗಂಡಸ್ತನದ ಪ್ರಶ್ನೆಯನ್ನು ಗೆಳೆಯರ ಬಳಗಕ್ಕೆ ಬಿಡದೆ ದೇಹರಚನೆಯನ್ನೇ ಕೇಳೋಣ. ಟೆಸ್ಟೋಸ್ಟಿರಾನ್ ಹಾರ್ಮೋನು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ, ವೀರ್ಯನಾಳದಲ್ಲಿ ಹರಿಯುವುದಿಲ್ಲ. ಹೀಗಾಗಿ ಕಾಮಾಸಕ್ತಿ, ಉದ್ರೇಕ, ಸುಖ, ಗಡ್ಡ ಮೀಸೆ, ದನಿ, ತೋಳ್ಬಲ ಯಾವುದರಲ್ಲೂ ವ್ಯತ್ಯಾಸವಾಗಲು ಕಾರಣವಿಲ್ಲ. ಸ್ಖಲನವೂ ಎಂದಿನಂತೆಯೇ ಆಗುತ್ತದೆ. ವೀರ್ಯದ್ರವದ ಬಹುಪಾಲು ಬರುವುದು ವೀರ್ಯಕೋಶಗಳಿಂದ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ, ವೀರ್ಯಾಣುಗಳ ಪಾಲು ಶೇಕಡ 5ಕ್ಕಿಂತ ಹೆಚ್ಚಿಲ್ಲ, ಆದ್ದರಿಂದ ಪ್ರಮಾಣದಲ್ಲಿ ಆದ ಇಳಿಕೆ ಕಣ್ಣಿಗೆ ಕಾಣುವಂಥದಲ್ಲ. ಮುಂದೆ ಉತ್ಪತ್ತಿಯಾಗುವ ವೀರ್ಯಾಣುಗಳು ಹೊರಹೋಗಲಾರದೆ ಒಳಗೇ ಒಡೆದು ದೇಹದಲ್ಲಿ ಕರಗಿಹೋಗುತ್ತವೆ. ಒಂದೆರಡು ದಿನ ವಿಶ್ರಾಂತಿ, ವೃಷಣಗಳಿಗೆ ಆಸರೆ ನೀಡುವ ಬಿಗಿಯಾದ ಒಳಉಡುಪು, ಸುಮಾರು ಒಂದು ವಾರ ಭಾರ ಎತ್ತದಿರುವುದು, ಇಷ್ಟನ್ನು ಪಾಲಿಸಿದರೆ ಆಮೇಲೆ ಯಾವ ಕೆಲಸಕ್ಕೂ ಅಡ್ಡಿಯಿಲ್ಲ.

ತೊಂದರೆಗಳೇ ಇಲ್ಲವೆಂದು ಹೇಳಿದರೆ ಅದು ಅಪ್ರಾಮಾಣಿಕವಾದೀತು. ಕೆಲವರಿಗೆ ವೃಷಣಚೀಲದಲ್ಲಿ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳುತ್ತದೆ, ಕೆಲವರಿಗೆ ಸೋಂಕಾಗುತ್ತದೆ. ಇವೆರಡೂ ನೂರರಲ್ಲಿ ಒಬ್ಬಿಬ್ಬರಿಗೆ ಆಗಬಹುದಾದದ್ದು, ಚಿಕಿತ್ಸೆಯಿಂದ ವಾಸಿಯಾಗುವಂಥದ್ದು. ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ತಿಂಗಳುಗಳ ನಂತರವೂ ಉಳಿಯುವ ವೃಷಣದ ನೋವು. ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ನೋವು ಶೇಕಡ 1ರಿಂದ 2ರಷ್ಟು ಮಂದಿಯಲ್ಲಿ ಉಳಿಯುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಮಾತನ್ನು ವೈದ್ಯರು ನಿಮಗೆ ಹೇಳಿರಬೇಕು. ಹೇಳದಿದ್ದರೆ ನೀವಾಗಿ ಕೇಳಿ. ಇಷ್ಟನ್ನೂ ತೂಗಿ ನೋಡಿದ ಮೇಲೆ, ಇಬ್ಬರಲ್ಲಿ ಯಾರಾದರೂ ಒಬ್ಬರು ಮಾಡಿಸಿಕೊಳ್ಳುವುದು ಖಚಿತವಾಗಿದ್ದರೆ ಅದು ಪುರುಷನೇ ಆಗಿರುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಆದರೆ ಒಲ್ಲದ ಮನಸ್ಸಿನಿಂದ, ಜಗಳ ತಪ್ಪಿಸುವುದಕ್ಕೆಂದು ಹೋಗಿ ಮಲಗಬೇಡಿ.

ಪ್ರಶ್ನೆ: ವ್ಯಾಸೆಕ್ಟಮಿ ಆಗಿ ಒಂದು ತಿಂಗಳಾಯಿತು, ಗಾಯ ಪೂರ್ತಿ ಮಾಯ್ದಿದೆ. ಇನ್ನು ಕಾಂಡೋಮ್ ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಹೆಣ್ಣಿನ ಶಸ್ತ್ರಚಿಕಿತ್ಸೆ ಆ ದಿನದಿಂದಲೇ ಫಲ ಕೊಡುತ್ತದೆ, ಗಂಡಸಿನದು ಹಾಗಲ್ಲ. ಕತ್ತರಿಸಿದ ಜಾಗದಿಂದ ಮುಂದಕ್ಕೆ, ನಾಳದ ಉಳಿದ ಭಾಗದಲ್ಲಿಯೂ ವೀರ್ಯಕೋಶಗಳ ಬಳಿಯಲ್ಲಿಯೂ ಮೊದಲೇ ಸಂಗ್ರಹವಾಗಿದ್ದ ವೀರ್ಯಾಣುಗಳು ಖಾಲಿಯಾಗಲು ಸಮಯ ಬೇಕು. ವಿಶ್ವ ಆರೋಗ್ಯ ಸಂಸ್ಥೆ 3 ತಿಂಗಳು ಬೇರೆ ವಿಧಾನವನ್ನು ಬಳಸುವಂತೆ ಹೇಳುತ್ತದೆ. ಅವಧಿ ಮುಗಿದ ಮಾತ್ರಕ್ಕೆ ಸಾಲದು, ವೀರ್ಯ ಪರೀಕ್ಷೆಯನ್ನೂ ಮಾಡಿಸಿ. ಮಾದರಿಯಲ್ಲಿ ವೀರ್ಯಾಣುಗಳು ಇಲ್ಲವೆಂದು, ಅಥವಾ ಚಲನೆಯಿಲ್ಲದ ಕೆಲವೇ ವೀರ್ಯಾಣುಗಳು ಉಳಿದಿವೆಯೆಂದು (ಮಿಲಿಲೀಟರಿಗೆ 1,00,000 ಮೀರದಂತೆ) ವರದಿ ಬಂದರೆ ಮಾತ್ರ ಇತರ ವಿಧಾನವನ್ನು ನಿಲ್ಲಿಸಬಹುದು. ಚಲಿಸುವ ವೀರ್ಯಾಣುಗಳು ಕಂಡರೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಆಗಲೂ ಹಾಗೆಯೇ ಇದ್ದರೆ ನಾಳ ಮತ್ತೆ ಕೂಡಿಕೊಂಡಿರಬಹುದು.

ವ್ಯಾಸೆಕ್ಟಮಿಯ ನಂತರ ಆಗುವ ಅನಿರೀಕ್ಷಿತ ಗರ್ಭಗಳಲ್ಲಿ ಬಹಳಷ್ಟು ಈ ಕಾಯುವ ಅವಧಿಯಲ್ಲಿಯೇ ಆಗುತ್ತವೆ, ಮತ್ತು ಪರೀಕ್ಷೆಗೆ ಮರಳಿ ಬರದವರ ಸಂಖ್ಯೆ ಎಲ್ಲ ದೇಶಗಳಲ್ಲೂ ದೊಡ್ಡದು. ನೋವೂ ಇಲ್ಲದ, ತೊಡಕೂ ಇಲ್ಲದ ಒಂದು ಪರೀಕ್ಷೆಯನ್ನು ಸಂಕೋಚಕ್ಕೆ ಬಿಟ್ಟು, ಆಮೇಲೆ ಪತ್ನಿಯ ನಡತೆಯನ್ನು ಸಂಶಯಿಸುವ ಸಂಸಾರಗಳೂ ಇವೆ. ಪರೀಕ್ಷೆಯಲ್ಲಿ ಯಶಸ್ಸು ಖಚಿತವಾದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಸುಮಾರು 2,000ಕ್ಕೆ ಒಂದು. ಆ ಒಂದು ಇದೆ ಎಂಬುದನ್ನೂ ದಂಪತಿಗಳಿಬ್ಬರೂ ತಿಳಿದಿರಬೇಕು.

ಪ್ರಶ್ನೆ: ಆರು ವರ್ಷದ ಹಿಂದೆ ನನಗೆ ಟ್ಯೂಬೆಕ್ಟಮಿ (ಅಂಡನಾಳ ಮುಚ್ಚುವ ಆಪರೇಷನ್) ಆಗಿದೆ. ಈ ತಿಂಗಳು ಮುಟ್ಟು ಎರಡು ವಾರ ತಡವಾಗಿದೆ, ಕೆಳಹೊಟ್ಟೆಯ ಒಂದು ಬದಿಯಲ್ಲಿ ನೋವಿದೆ. ಆಪರೇಷನ್ ಆದವರಿಗೆ ಗರ್ಭ ನಿಲ್ಲುವುದೇ ಇಲ್ಲವಾದ್ದರಿಂದ ಸುಮ್ಮನಿರು ಎನ್ನುತ್ತಾರೆ.

ಉತ್ತರ: ಸುಮ್ಮನಿರಬೇಡಿ. ನಿಮ್ಮ ಪತ್ರ ತಲುಪಿದ ದಿನವೇ ನಿಮಗೆ ಬೇರೆಯಾಗಿ ಉತ್ತರಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇದೇ ಸ್ಥಿತಿಗೆ ಬರಬಹುದಾದ ಇತರರಿಗಾಗಿ. ಈ ಶಸ್ತ್ರಚಿಕಿತ್ಸೆಯ ನಂತರ ಗರ್ಭ ನಿಲ್ಲುವುದು ಅಪರೂಪ, ಆದರೆ ಅಸಾಧ್ಯವಲ್ಲ. ಅಮೆರಿಕದಲ್ಲಿ 10,685 ಮಹಿಳೆಯರನ್ನು ವರ್ಷಗಟ್ಟಲೆ ಅನುಸರಿಸಿದ, 1996ರಲ್ಲಿ ಪ್ರಕಟವಾದ ಕ್ರೆಸ್ಟ್ ಅಧ್ಯಯನದ ಪ್ರಕಾರ 10 ವರ್ಷಗಳ ಅವಧಿಯಲ್ಲಿ ಪ್ರತಿ 1,000 ಶಸ್ತ್ರಚಿಕಿತ್ಸೆಗಳಿಗೆ 18.5ರಷ್ಟು ಗರ್ಭಗಳು ಸಂಭವಿಸಿದವು. ವಿಧಾನದಿಂದ ವಿಧಾನಕ್ಕೆ ಇದು ಬಹಳ ಬದಲಾಗುತ್ತದೆ: ಹೆರಿಗೆಯ ಬಳಿಕ ನಾಳದ ತುಂಡನ್ನು ಕತ್ತರಿಸಿ ತೆಗೆದವರಲ್ಲಿ 7.5, ಆ ಕಾಲದ ಸ್ಪ್ರಿಂಗ್ ಕ್ಲಿಪ್ ಹಾಕಿಸಿಕೊಂಡವರಲ್ಲಿ 36.5. ಚಿಕ್ಕ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ವಿಫಲತೆ ಹೆಚ್ಚು, ಏಕೆಂದರೆ ಅವರ ಮುಂದೆ ಫಲವತ್ತಾದ ವರ್ಷಗಳು ಹೆಚ್ಚಿರುತ್ತವೆ. ಮೊದಲ ವರ್ಷ ದಾಟಿದರೆ ಭಯವಿಲ್ಲ ಎಂಬ ನಂಬಿಕೆಯನ್ನು ಈ ಅಧ್ಯಯನ ಸುಳ್ಳಾಗಿಸಿತು. ವರ್ಷಗಳ ನಂತರವೂ ಗರ್ಭಗಳು ಕಂಡುಬಂದವು.

ನಿಜವಾದ ಅಪಾಯ ಇರುವುದು ಹಾಗೆ ನಿಂತ ಗರ್ಭ ಎಲ್ಲಿ ನಿಂತಿತು ಎಂಬುದರಲ್ಲಿ. ಅದೇ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಗರ್ಭ ಗರ್ಭಕೋಶದ ಹೊರಗೆ, ಹೆಚ್ಚಾಗಿ ನಾಳದಲ್ಲಿಯೇ, ಬೆಳೆದಿತ್ತು. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ಮುಟ್ಟು ತಪ್ಪಿದ್ದು, ಕೆಳಹೊಟ್ಟೆಯ ಒಂದು ಬದಿಯ ನೋವು, ಅಕಾಲದಲ್ಲಿ ಸ್ವಲ್ಪ ರಕ್ತ ಕಾಣಿಸುವುದು, ತಲೆ ಸುತ್ತಿ ಕಣ್ಣು ಕತ್ತಲೆ ಕಟ್ಟುವುದು, ಹೆಗಲ ತುದಿಯಲ್ಲಿ ನೋವು: ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ, ತಮಗೆ ಟ್ಯೂಬೆಕ್ಟಮಿ ಆಗಿದೆ ಎಂಬುದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಬೇಕು. ಮೂತ್ರದ ಗರ್ಭಪರೀಕ್ಷೆ, ರಕ್ತದ ಎಚ್‌ಸಿಜಿ (ಗರ್ಭ ನಿಂತಾಗ ಹೆಚ್ಚುವ ಹಾರ್ಮೋನು) ಪರೀಕ್ಷೆ, ಅಲ್ಟ್ರಾಸೌಂಡ್ ಇವುಗಳಿಂದ ವಿಷಯ ಗೊತ್ತಾಗುತ್ತದೆ. ಬೇಗ ಪತ್ತೆಯಾದರೆ ಅನೇಕರಿಗೆ ಔಷಧಿಯಿಂದಲೇ ಚಿಕಿತ್ಸೆ ಸಾಧ್ಯವಿದೆ. ಮುಟ್ಟು ತಡವಾಗಲು ಬೇರೆ ಹಲವು ಕಾರಣಗಳಿವೆ ಎಂಬುದೂ ನಿಜ. ಆದರೆ ಗರ್ಭವಲ್ಲವೆಂದು ಪರೀಕ್ಷೆ ಹೇಳಿದ ಮೇಲೆ ಅವುಗಳನ್ನು ಹುಡುಕಬಹುದು.

ಪ್ರಶ್ನೆ: ನನಗೆ 25 ವರ್ಷ, ಇಬ್ಬರು ಮಕ್ಕಳಿದ್ದಾರೆ. ಈಗಲೇ ಆಪರೇಷನ್ ಮಾಡಿಸಿಬಿಟ್ಟರೆ ಚಿಂತೆ ಕಳೆಯಿತಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ನನಗೂ ಮಾತ್ರೆ ನುಂಗಿ ಬೇಸರವಾಗಿದೆ. ಆದರೂ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಮನಸ್ಸು ಒಪ್ಪುವವರೆಗೆ ಮಾಡಿಸಿಕೊಳ್ಳಬೇಡಿ ಎಂಬುದು ನನ್ನ ನೇರವಾದ ಉತ್ತರ. ನಿಮ್ಮ ವಯಸ್ಸಿನವರಿಗೆ ಶಸ್ತ್ರಚಿಕಿತ್ಸೆ ಮಾಡಬಾರದೆಂದು ವೈದ್ಯಶಾಸ್ತ್ರ ಹೇಳುವುದಿಲ್ಲ. ತನಗೆ ಬೇಕೆಂದು ತಿಳಿದು ಕೇಳುವ 25ರ ಹೆಣ್ಣನ್ನು ವಯಸ್ಸಿನ ನೆಪದಿಂದ ಹಿಂದಕ್ಕೆ ಕಳುಹಿಸುವುದೂ ಸರಿಯಲ್ಲ. ಆದರೆ ಈ ಶಸ್ತ್ರಚಿಕಿತ್ಸೆಯ ನಂತರದ ಪಶ್ಚಾತ್ತಾಪವನ್ನು ಅಳೆದ ಅಧ್ಯಯನಗಳಲ್ಲೆಲ್ಲ ಎದ್ದು ಕಾಣುವ ಅಂಶ ವಯಸ್ಸೇ. ಮೇಲೆ ಹೇಳಿದ ಕ್ರೆಸ್ಟ್ ಅಧ್ಯಯನದ 1999ರ ವರದಿಯ ಪ್ರಕಾರ, 30 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ 14 ವರ್ಷಗಳೊಳಗೆ ಶೇಕಡ 20.3ರಷ್ಟು ಮಂದಿ ಪಶ್ಚಾತ್ತಾಪ ವ್ಯಕ್ತಪಡಿಸಿದರು. 30 ದಾಟಿದ ಮೇಲೆ ಮಾಡಿಸಿಕೊಂಡವರಲ್ಲಿ ಅದು ಶೇಕಡ 5.9. ಚಿಕ್ಕವರಲ್ಲಿಯೂ ಐವರಲ್ಲಿ ನಾಲ್ವರಿಗೆ ಪಶ್ಚಾತ್ತಾಪವಾಗಲಿಲ್ಲ ಎಂದೂ ಇದನ್ನು ಓದಬಹುದು, ಹಾಗೆ ಓದುವುದು ತಪ್ಪಲ್ಲ. ಆದರೆ ನಿಮ್ಮ ಪತ್ರದಲ್ಲಿ ನಿಮ್ಮದೇ ಆದ ಬಯಕೆಗಿಂತ ಇತರರ ಒತ್ತಾಯವೇ ಹೆಚ್ಚು ಕೇಳಿಸುತ್ತಿರುವುದರಿಂದ ನಾನು ಮೊದಲ ಅಂಕಿಯನ್ನು ಮುಂದಿಡುತ್ತಿದ್ದೇನೆ.

ಮಾತ್ರೆ ಬೇಸರವಾದರೆ ಶಸ್ತ್ರಚಿಕಿತ್ಸೆಯೊಂದೇ ದಾರಿಯಲ್ಲ. ಬೇಕೆಂದಾಗ ತೆಗೆಸಬಹುದಾದ ದೀರ್ಘಕಾಲದ ವಿಧಾನಗಳು ಇಂದು ಶಸ್ತ್ರಚಿಕಿತ್ಸೆಗೆ ಸರಿಸಮವಾಗಿ ನಿಲ್ಲುತ್ತವೆ. ಮೊದಲ ವರ್ಷದಲ್ಲಿ ಗರ್ಭ ನಿಲ್ಲುವ ಪ್ರಮಾಣ ಹೆಣ್ಣಿನ ಶಸ್ತ್ರಚಿಕಿತ್ಸೆಯ ನಂತರ 1,000ಕ್ಕೆ ಸುಮಾರು 5 ಆಗಿದ್ದರೆ, ಕಾಪರ್ ಟಿ ಧರಿಸಿದವರಲ್ಲಿ ಸುಮಾರು 8. ಕಾಪರ್ ಟಿಯಂತೆಯೇ ಗರ್ಭಕೋಶದೊಳಗೆ ಇಡುವ ಹಾರ್ಮೋನು ವಂಕಿಯಲ್ಲಿ ಮತ್ತು ತೋಳಿನ ಚರ್ಮದ ಕೆಳಗೆ ಕೂರಿಸುವ ಇಂಪ್ಲಾಂಟ್‌ನಲ್ಲಿ ಅದು 5ಕ್ಕಿಂತಲೂ ಕಡಿಮೆ. 380ಎ ಎಂಬ ಕಾಪರ್ ಟಿ ಒಮ್ಮೆ ಹಾಕಿಸಿದರೆ 10 ವರ್ಷ ಕೆಲಸ ಮಾಡುತ್ತದೆ. ಅಷ್ಟರಲ್ಲಿ ನಿಮಗೆ 35 ಆಗಿರುತ್ತದೆ. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಆಗ ಕೇಳಿಕೊಂಡರೂ ತಡವಾಗಿರುವುದಿಲ್ಲ. ಮದುವೆ ಮುರಿಯಬಹುದು, ಇನ್ನೊಂದು ಮದುವೆ ಆಗಬಹುದು, ಮಗುವನ್ನು ಕಳೆದುಕೊಳ್ಳುವ ದುಃಖವೂ ಬರಬಹುದು. ಇವುಗಳನ್ನು ಊಹಿಸಿಕೊಳ್ಳುವುದು ಅಪಶಕುನವೆಂದು ಬಹಳ ಮಂದಿ ಮಾತಾಡುವುದೇ ಇಲ್ಲ. ಆದರೆ ಇವೆಲ್ಲ ಆದರೂ ನನಗೆ ಇನ್ನೊಂದು ಮಗು ಬೇಡ ಎಂದು ನಿಮಗೇ ಅನ್ನಿಸಿದ ದಿನ ನೀವು ಸಿದ್ಧರಾಗಿದ್ದೀರಿ ಎಂದರ್ಥ.

ಪ್ರಶ್ನೆ: ಮರುಮದುವೆಯಾಗಿದ್ದೇನೆ. ಮೊದಲ ಮದುವೆಯ ಕಾಲದಲ್ಲಿ, ಹತ್ತು ವರ್ಷದ ಹಿಂದೆ, ನನಗೆ ವ್ಯಾಸೆಕ್ಟಮಿ ಆಗಿತ್ತು. ಈಗಿನ ಹೆಂಡತಿಗೆ ಮಗು ಬೇಕು. ನಾಳವನ್ನು ಮತ್ತೆ ಜೋಡಿಸಬಹುದಲ್ಲವೇ?

ಉತ್ತರ: ಜೋಡಿಸಬಹುದು, ಜೋಡಿಸಿದ ಮೇಲೆ ಮಗು ಆಗಿಯೇ ಆಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಕತ್ತರಿಸುವುದು ಅರ್ಧ ಗಂಟೆಯ ಕೆಲಸವಾದರೆ, ಕೂದಲೆಳೆಗಿಂತ ಸಣ್ಣ ದಾರದಿಂದ ಸೂಕ್ಷ್ಮದರ್ಶಕದ ಕೆಳಗೆ ಹೊಲಿದು ಜೋಡಿಸುವುದು ಕೆಲವು ಗಂಟೆಗಳ ಕೆಲಸ. ಕಳೆದ ವರ್ಷಗಳ ಸಂಖ್ಯೆ ಇಲ್ಲಿ ಮುಖ್ಯ. ಅಮೆರಿಕದಲ್ಲಿ 1,469 ಪುರುಷರ ಮರುಜೋಡಣೆಯನ್ನು ಪರಿಶೀಲಿಸಿ 1991ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವ್ಯಾಸೆಕ್ಟಮಿಯಾಗಿ 3 ವರ್ಷದೊಳಗೆ ಜೋಡಿಸಿದಾಗ ಶೇಕಡ 97 ಮಂದಿಯಲ್ಲಿ ವೀರ್ಯಾಣುಗಳು ಮರಳಿದವು, ಶೇಕಡ 76 ದಂಪತಿಗಳಲ್ಲಿ ಗರ್ಭ ನಿಂತಿತು. 9ರಿಂದ 14 ವರ್ಷಗಳ ಅಂತರವಿದ್ದವರಲ್ಲಿ ಈ ಅಂಕಿಗಳು ಶೇಕಡ 79 ಮತ್ತು 44ಕ್ಕೆ ಇಳಿದವು. ನೀವು ಬರುವುದು ಈ ಎರಡನೆಯ ಗುಂಪಿಗೆ. ವೀರ್ಯಾಣು ಮರಳುವುದಕ್ಕೂ ಗರ್ಭ ನಿಲ್ಲುವುದಕ್ಕೂ ನಡುವೆ ಇರುವ ಅಂತರವನ್ನು ಗಮನಿಸಿ: ವರ್ಷಗಟ್ಟಲೆ ನಾಳ ಮುಚ್ಚಿದ್ದಾಗ ಹಿಂದಿನ ಸೂಕ್ಷ್ಮ ನಾಳಗಳಲ್ಲಿ ಒತ್ತಡದಿಂದ ಇನ್ನೊಂದು ತಡೆ ಉಂಟಾಗಿರಬಹುದು, ವೀರ್ಯಾಣುಗಳ ವಿರುದ್ಧ ದೇಹವೇ ಪ್ರತಿಕಾಯಗಳನ್ನು ತಯಾರಿಸಿರಬಹುದು, ಪತ್ನಿಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಜೋಡಣೆಯ ಬದಲು ವೃಷಣದಿಂದ ನೇರವಾಗಿ ವೀರ್ಯಾಣುಗಳನ್ನು ತೆಗೆದು ಪ್ರಯೋಗಾಲಯದಲ್ಲಿ ಅಂಡಾಣುವಿನೊಳಗೆ ಸೇರಿಸುವ ದಾರಿಯೂ ಇದೆ. ಪತ್ನಿಗೆ 35 ದಾಟಿದ್ದರೆ ಎರಡನ್ನೂ ಬಲ್ಲ ತಜ್ಞರನ್ನು ಇಬ್ಬರೂ ಒಟ್ಟಿಗೆ, ತಡಮಾಡದೆ ಕಾಣುವುದು ಉತ್ತಮ.

ಇದೇ ಪ್ರಶ್ನೆಯನ್ನು ಟ್ಯೂಬೆಕ್ಟಮಿ ಆದ ಇಬ್ಬರು ಓದುಗರೂ ಕೇಳಿದ್ದಾರೆ. ಉಂಗುರ ಅಥವಾ ಕ್ಲಿಪ್ ಹಾಕಿದ್ದರೆ ನಾಳದ ಹೆಚ್ಚಿನ ಭಾಗ ಉಳಿದಿರುವುದರಿಂದ ಮರುಜೋಡಣೆಗೆ ಅವಕಾಶ ಹೆಚ್ಚು, ವಿದ್ಯುತ್ ಶಾಖದಿಂದ ಸುಟ್ಟಿದ್ದರೆ ಕಡಿಮೆ, ನಾಳವನ್ನೇ ತೆಗೆದುಹಾಕಿದ್ದರೆ ಇಲ್ಲವೇ ಇಲ್ಲ. ಜೋಡಿಸಿದ ನಾಳದಲ್ಲಿ ಗರ್ಭ ನಿಲ್ಲುವ ಅಪಾಯವೂ ಇರುತ್ತದೆ. ಪ್ರನಾಳ ಶಿಶು ವಿಧಾನಕ್ಕೆ ನಾಳಗಳ ಅಗತ್ಯವೇ ಇಲ್ಲ. 1978ರಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಳ ತಾಯಿಯ ತೊಂದರೆಯೂ ಮುಚ್ಚಿದ ಅಂಡನಾಳಗಳೇ ಆಗಿದ್ದವು. ಆದರೆ ಈ ಎಲ್ಲ ದಾರಿಗಳೂ ದುಬಾರಿ, ದೀರ್ಘ, ಅನಿಶ್ಚಿತ. ಮುಂದೆ ಬೇಕಾದರೆ ಬಿಚ್ಚಿಸಿಕೊಳ್ಳೋಣ ಎಂಬ ಲೆಕ್ಕದಿಂದ ಶಸ್ತ್ರಚಿಕಿತ್ಸೆಗೆ ಹೊರಟವರಿಗೆ ನಾನು ವಂಕಿಯನ್ನೇ ಸೂಚಿಸುತ್ತೇನೆ.

ಪ್ರಶ್ನೆ: ನಾಳ ಕಟ್ಟುವ ಬದಲು ಎರಡೂ ನಾಳಗಳನ್ನು ಪೂರ್ತಿ ತೆಗೆಯುತ್ತೇವೆ, ಅದರಿಂದ ಕ್ಯಾನ್ಸರ್ ತಡೆಯಬಹುದು ಎಂದು ನಮ್ಮ ವೈದ್ಯರು ಹೇಳಿದರು. ಇದು ನಿಜವೇ?

ಉತ್ತರ: ನಿಜ. ಅಂಡಾಶಯದ ಕ್ಯಾನ್ಸರ್ ಎಂದು ಕರೆಯುತ್ತಿದ್ದ ಗಡ್ಡೆಗಳಲ್ಲಿ ಅತ್ಯಂತ ಸಾಮಾನ್ಯವೂ ಮಾರಕವೂ ಆದ ಬಗೆಯು ಬಹಳಷ್ಟು ಸಂದರ್ಭಗಳಲ್ಲಿ ಅಂಡನಾಳದ ಕುಚ್ಚಿನಂಥ ತುದಿಯಲ್ಲಿ ಆರಂಭವಾಗುತ್ತದೆ ಎಂಬುದು ಈ ಶತಮಾನದ ಸಂಶೋಧನೆಯಿಂದ ತಿಳಿದುಬಂದಿದೆ. ಆದ್ದರಿಂದ ಹೇಗೂ ಶಸ್ತ್ರಚಿಕಿತ್ಸೆ ಮಾಡುವಾಗ ನಾಳವನ್ನು ಪೂರ್ತಿ ತೆಗೆಯುವ ಆಯ್ಕೆಯನ್ನು ಮಹಿಳೆಯ ಮುಂದಿಡಬೇಕೆಂದು ಹಲವು ದೇಶಗಳ ಸ್ತ್ರೀರೋಗ ತಜ್ಞರ ಸಂಘಗಳು ಸಲಹೆ ನೀಡುತ್ತಿವೆ. ಗರ್ಭ ನಿಲ್ಲುವ ಸಾಧ್ಯತೆಯೂ ಇದರಿಂದ ಇನ್ನಷ್ಟು ಕಡಿಮೆಯಾಗುತ್ತದೆ. ಮರುಜೋಡಣೆಯ ಬಾಗಿಲು ಮಾತ್ರ ಪೂರ್ತಿ ಮುಚ್ಚುತ್ತದೆ ಎಂಬುದನ್ನು ಮರೆಯಬೇಡಿ. ಗಂಡಸರ ಕಡೆಯಿಂದ ಬಂದ ಇಂಥದೇ ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ: ವ್ಯಾಸೆಕ್ಟಮಿಯಿಂದ ಹೃದ್ರೋಗವಾಗಲಿ ವೃಷಣದ ಕ್ಯಾನ್ಸರ್ ಆಗಲಿ ಬರುವುದಿಲ್ಲ, ಪ್ರಾಸ್ಟೇಟ್ ಕ್ಯಾನ್ಸರಿನೊಂದಿಗೆ ಕೆಲವು ಅಧ್ಯಯನಗಳಲ್ಲಿ ಕಂಡ ಕಿರಿದಾದ ನಂಟು ಕಾರಣ-ಪರಿಣಾಮದ ನಂಟು ಎಂದು ಸಾಬೀತಾಗಿಲ್ಲ.

ಪ್ರಶ್ನೆ: ಹೊಟ್ಟೆ ಕೊಯ್ಯದೆ, ಗರ್ಭಕೋಶದ ದಾರಿಯಿಂದಲೇ ನಾಳದೊಳಗೆ ಸುರುಳಿ ಇಡುವ ವಿಧಾನವಿದೆಯಂತೆ?

ಉತ್ತರ: ಇತ್ತು. ಎಶ್ಯೂರ್ ಎಂಬ ಆ ಲೋಹದ ಸುರುಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ಒಪ್ಪಿಗೆ ನೀಡಿತ್ತು. ನೋವು, ಸುರುಳಿ ಸ್ಥಳ ಬದಲಿಸುವುದು, ನಾಳ ತೂತಾಗುವುದು ಮುಂತಾದ ದೂರುಗಳು ಹೆಚ್ಚಿ, ಬೇರೆ ದೇಶಗಳಲ್ಲಿ ಮೊದಲೇ ನಿಂತಿದ್ದ ಮಾರಾಟ ಅಲ್ಲಿಯೂ 2018ರ ಕೊನೆಗೆ ನಿಂತಿತು.

ಪ್ರಶ್ನೆ: ನನ್ನ ಆಪರೇಷನ್‌ಗೆ ಗಂಡನ ಸಹಿ ಬೇಕೇ ಬೇಕೆ? ಹೆರಿಗೆಗೆ ಹೋದಾಗ ನನ್ನನ್ನು ಕೇಳದೆಯೇ ಮಾಡಿಬಿಟ್ಟರೆ?

ಉತ್ತರ: ಸಹಿಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿವೆ. ವೈದ್ಯಕೀಯ ನೀತಿಯ ಮಾತು ಮಾತ್ರ ಎಲ್ಲ ಕಡೆಯೂ ಒಂದೇ: ದೇಹ ಯಾರದೋ ಒಪ್ಪಿಗೆಯೂ ಅವರದೇ. ಸಂಗಾತಿಯೊಂದಿಗೆ ಚರ್ಚಿಸುವುದು ಒಳ್ಳೆಯದು, ಆದರೆ ಅವರ ಸಹಿ ನಿಮ್ಮ ಒಪ್ಪಿಗೆಗೆ ಬದಲಿಯಾಗಲಾರದು, ಅವರ ನಿರಾಕರಣೆ ನಿಮ್ಮ ಹಕ್ಕನ್ನು ಕಸಿಯಲೂಬಾರದು.

ನಿಮ್ಮ ಎರಡನೆಯ ಭಯ ಕಲ್ಪನೆಯಲ್ಲ. ಇದೇ ಶಸ್ತ್ರಚಿಕಿತ್ಸೆಯನ್ನು ಬಡವರ, ಅಂಗವಿಕಲರ, ಅಲ್ಪಸಂಖ್ಯಾತರ ಮೇಲೆ ಬಲವಂತವಾಗಿ ಹೇರಿದ ಇತಿಹಾಸ ಹಲವು ದೇಶಗಳಿಗಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ 1927ರಲ್ಲಿ ಬಕ್ ವಿರುದ್ಧ ಬೆಲ್ ಪ್ರಕರಣದಲ್ಲಿ, ‘ಬುದ್ಧಿಮಾಂದ್ಯ’ ಎಂದು ಹಣೆಪಟ್ಟಿ ಹಚ್ಚಲಾಗಿದ್ದ ಕ್ಯಾರಿ ಬಕ್ ಎಂಬ ಯುವತಿಗೆ ಅವಳ ಇಚ್ಛೆಯನ್ನು ಲೆಕ್ಕಿಸದೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಎತ್ತಿಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಇತರ ಅಂಗಗಳೂ 2014ರಲ್ಲಿ ಬಲವಂತದ ಸಂತಾನಹರಣದ ವಿರುದ್ಧ ಜಂಟಿ ಹೇಳಿಕೆ ಹೊರಡಿಸಿದವು. ಇದು ಶಾಶ್ವತವಾದದ್ದು, ಬೇರೆ ವಿಧಾನಗಳೂ ಇವೆ, ವಿಫಲವಾಗುವ ಸಾಧ್ಯತೆಯಿದೆ, ಕೊನೆಯ ಗಳಿಗೆಯಲ್ಲಿಯೂ ಬೇಡವೆನ್ನಬಹುದು, ಬೇಡವೆಂದರೆ ಬೇರೆ ಯಾವ ಚಿಕಿತ್ಸೆಯನ್ನೂ ನಿರಾಕರಿಸುವುದಿಲ್ಲ: ಇಷ್ಟೂ ವಿಷಯಗಳನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ ಮೇಲೆ ಪಡೆದ ಸಹಿಯೇ ಒಪ್ಪಿಗೆ. ನಿಮಗೆ ಬೇಡವಾಗಿದ್ದರೆ ಹೆರಿಗೆಗೆ ಮೊದಲೇ ನಿಮ್ಮ ದಾಖಲೆಯಲ್ಲಿ ಹಾಗೆಂದು ಬರೆಸಿ, ಜೊತೆಗೆ ಬರುವವರಿಗೂ ತಿಳಿಸಿಡಿ.

ಪ್ರಶ್ನೆ: ಮಧುಮೇಹ ಇರುವವರು ಮಾಡಿಸಿಕೊಳ್ಳಬಹುದೇ? ಲ್ಯಾಪ್ರೊಸ್ಕೋಪಿ ಆದ ನನ್ನ ತಂಗಿಗೆ ಹೆಗಲು ನೋವು ಬಂದದ್ದೇಕೆ?

ಉತ್ತರ: ಮಾಡಿಸಿಕೊಳ್ಳಬಹುದು. ಶಾಶ್ವತವಾಗಿ ಅನರ್ಹರನ್ನಾಗಿಸುವ ಕಾಯಿಲೆ ಯಾವುದೂ ಇಲ್ಲ. ಸಕ್ಕರೆಯ ಮಟ್ಟ ಹತೋಟಿಯಲ್ಲಿರಬೇಕು, ಚರ್ಮದ ಅಥವಾ ಜನನಾಂಗದ ಸೋಂಕಿದ್ದರೆ ಅದು ವಾಸಿಯಾಗುವವರೆಗೆ, ತೀವ್ರ ರಕ್ತಹೀನತೆ ಇದ್ದರೆ ಸರಿಹೋಗುವವರೆಗೆ ಮುಂದೂಡುತ್ತಾರೆ, ಹೃದಯದ ತೊಂದರೆಯಿದ್ದರೆ ಹೆಚ್ಚಿನ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಮಾಡುತ್ತಾರೆ. ಹೆಗಲು ನೋವಿಗೆ ಕಾರಣ ಲ್ಯಾಪ್ರೊಸ್ಕೋಪಿಯ ಸಮಯದಲ್ಲಿ ಒಳಗಿನ ಅಂಗಗಳು ಸ್ಪಷ್ಟವಾಗಿ ಕಾಣಲೆಂದು ಹೊಟ್ಟೆಗೆ ತುಂಬುವ ಇಂಗಾಲದ ಡೈಆಕ್ಸೈಡ್ ಅನಿಲ. ಉಳಿದ ಅನಿಲ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆರಳಿಸಿದಾಗ, ವಪೆಗೂ ಹೆಗಲಿಗೂ ನರದ ಹಾದಿ ಒಂದೇ ಆಗಿರುವುದರಿಂದ ನೋವು ಹೆಗಲಿನಲ್ಲಿ ಅನುಭವಕ್ಕೆ ಬರುತ್ತದೆ, ಎರಡು ಮೂರು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಜ್ವರ, ಗಾಯದಿಂದ ಕೀವು ಅಥವಾ ರಕ್ತ, ದಿನೇ ದಿನೇ ಏರುವ ಹೊಟ್ಟೆನೋವು, ವಾಂತಿ ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಮಾತ್ರ ಕಾಯಬಾರದು. ಲೈಂಗಿಕ ಸೋಂಕುಗಳಿಂದ ಈ ಎರಡೂ ಶಸ್ತ್ರಚಿಕಿತ್ಸೆಗಳು ಯಾವ ರಕ್ಷಣೆಯನ್ನೂ ನೀಡುವುದಿಲ್ಲವಾದ್ದರಿಂದ, ಅಂಥ ಅಪಾಯವಿರುವವರು ಕಾಂಡೋಮ್ ಬಳಕೆಯನ್ನು ಮುಂದುವರಿಸಬೇಕು.